ನರ್ಸಿಂಗ್ ಸೀಟು ಬೇಕೆನ್ನುವವರು ಮೊದಲು ವಾರ್ಡು ನೋಡಿ

ಜಿಲ್ಲಾ ಆಸ್ಪತ್ರೆಯ ವಾರ್ಡುಗಳಲ್ಲಿ ಸ್ಟಾಫ್ ನರ್ಸ್ ಆಗಿ ದುಡಿದು, ಆಮೇಲೆ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಾ ಬಂದವಳು ನಾನು. ಪಿಯುಸಿ ಫಲಿತಾಂಶ ಬಂದಾಗಿನಿಂದ ಅಡ್ಮಿಷನ್ ಮುಗಿಯುವ ತನಕ ನನ್ನ ಫೋನಿಗೆ ಬಿಡುವಿರುವುದಿಲ್ಲ. ನೆಂಟರ ಮಗಳು, ಹಳೆಯ ಪೇಷೆಂಟಿನ ಮೊಮ್ಮಗ, ಅಂಗನವಾಡಿ ಟೀಚರ್ ಕಳಿಸಿದ ಹುಡುಗಿ, ಎಲ್ಲರದೂ ಒಂದೇ ಪ್ರಶ್ನೆ: "ಮೇಡಂ, ಇಷ್ಟು ಮಾರ್ಕ್ಸ್‌ಗೆ ಸೀಟು ಸಿಗುತ್ತಾ?" ಎಲ್ಲೋ ಒಂದು ಕಡೆ ಸಿಕ್ಕೇ ಸಿಗುತ್ತದೆ. ಕರ್ನಾಟಕದಲ್ಲಿ ನರ್ಸಿಂಗ್ ಕಾಲೇಜುಗಳಿಗೆ ಬರವಿಲ್ಲ. ಆದರೆ ಆ ಕಾಲೇಜಿಗೆ ರೋಗಿಗಳಿದ್ದಾರೆಯೇ, ಅವರ ಮಂಚದ ಪಕ್ಕ ನಿಲ್ಲುವ ಮನಸ್ಸು ಈ ಮಗುವಿಗೆ ಇದೆಯೇ ಎಂದು ಕೇಳುವವರು ಅಪರೂಪ. ಇಷ್ಟು ವರ್ಷಗಳಲ್ಲಿ ನಾನು ಕಲಿತದ್ದೆಲ್ಲ ಈ ಎರಡು ಪ್ರಶ್ನೆಗಳಿಗೆ ಸಂಬಂಧಪಟ್ಟದ್ದು.

1. ಅರ್ಜಿ ತುಂಬುವ ಮೊದಲು ಒಂದು ರಾತ್ರಿಯಾದರೂ ವಾರ್ಡಿನಲ್ಲಿ ಇರಿ

ಅಜ್ಜಿಯೋ ಚಿಕ್ಕಪ್ಪನೋ ಆಸ್ಪತ್ರೆಗೆ ಸೇರಿದಾಗ ಜೊತೆಗೆ ಉಳಿದುಕೊಳ್ಳಲು ಮನೆಯಲ್ಲಿ ಒಬ್ಬರು ಬೇಕಾಗುತ್ತಾರೆ. ನರ್ಸಿಂಗ್ ಓದುವ ಆಸೆ ಇರುವ ಮಗು ಆ ಕೆಲಸವನ್ನು ತಾನೇ ಕೇಳಿ ಪಡೆಯಲಿ. ರಾತ್ರಿ ಎರಡು ಗಂಟೆಗೆ ಪಕ್ಕದ ಮಂಚದವರು ವಾಂತಿ ಮಾಡಿಕೊಂಡಾಗ ಸಿಸ್ಟರ್ ಏನು ಮಾಡುತ್ತಾರೆ, ಬೆಡ್‌ಪ್ಯಾನ್ ಯಾರು ಇಡುತ್ತಾರೆ, ಹಾಸಿಗೆ ಹುಣ್ಣಿನ ಡ್ರೆಸಿಂಗ್ ಬಿಚ್ಚಿದಾಗ ಬರುವ ವಾಸನೆ ಎಂಥದು ಎಂದು ಕಣ್ಣಾರೆ ಕಂಡು, ಮೂಗಾರೆ ತಿಳಿಯಲಿ. ಅಷ್ಟಾದ ಮೇಲೂ "ಇದು ನನ್ನ ಕೈಯಲ್ಲಿ ಆಗುತ್ತೆ" ಅನ್ನಿಸಿದರೆ ಧೈರ್ಯವಾಗಿ ಬರಲಿ.

ಮೊದಲ ವರ್ಷದಲ್ಲೇ ಬಿಟ್ಟು ಹೋದ ಮಕ್ಕಳನ್ನು ಕೂರಿಸಿಕೊಂಡು ಮಾತಾಡಿದ್ದೇನೆ. ಓದಲು ಆಗದೆ ಹೋದವರು ಕಡಿಮೆ. ಹೆಚ್ಚಿನವರಿಗೆ ಫಾರ್ಮ್ ತುಂಬಿದ್ದು ಅಪ್ಪ, ಕಾಲೇಜು ಹೇಳಿದ್ದು ಮಾವ, ನರ್ಸ್ ಎಂದರೆ ಬಿಳಿ ಕೋಟು ಮತ್ತು ವಿದೇಶ ಎಂದಷ್ಟೇ ಗೊತ್ತಿತ್ತು. ನೀಟ್‌ನಲ್ಲಿ ಸೀಟು ಸಿಗದೆ ನಮ್ಮ ಕಡೆ ಬಂದವರ ಬಗ್ಗೆ ನನಗೆ ಬೇಸರವಿಲ್ಲ. ಅವರಲ್ಲಿ ಅದ್ಭುತ ನರ್ಸ್‌ಗಳಾದವರಿದ್ದಾರೆ. ಆದರೆ ಆ ಮಗು ಕಾಲೇಜಿಗೆ ಬರುವ ಮೊದಲು ಡಾಕ್ಟರ್ ಆಗಲಿಲ್ಲ ಎಂಬ ದುಃಖವನ್ನು ಅತ್ತು ಮುಗಿಸಿರಬೇಕು. ಆ ದುಃಖ ಹೊತ್ತುಕೊಂಡೇ ವಾರ್ಡಿಗೆ ಬಂದರೆ ಪ್ರತಿ ರೌಂಡ್ಸ್‌ನಲ್ಲೂ ಮುಖ ಸಣ್ಣದಾಗುತ್ತದೆ, ಅದು ರೋಗಿಗೆ ಗೊತ್ತಾಗುತ್ತದೆ.

ಗಂಡು ಮಕ್ಕಳ ತಂದೆತಾಯಿಗೂ ಒಂದು ಮಾತು. ಜಿಎನ್‌ಎಂ, ಬಿ.ಎಸ್ಸಿ ಎರಡಕ್ಕೂ ಹುಡುಗರನ್ನು ಸೇರಿಸಿಕೊಳ್ಳುತ್ತಾರೆ. ಎಮರ್ಜೆನ್ಸಿಯಲ್ಲಿ, ಮೂಳೆ ವಾರ್ಡಿನಲ್ಲಿ, ಮಾನಸಿಕ ರೋಗಿಗಳ ವಾರ್ಡಿನಲ್ಲಿ ಅವರು ಇಲ್ಲದೆ ಕೆಲಸ ಸಾಗುವುದಿಲ್ಲ ಎನ್ನುವುದನ್ನು ನಾನು ಕಂಡಿದ್ದೇನೆ.

2. ಕೋರ್ಸ್ ಯಾವುದೆಂದು ತಿಳಿದು ಕೇಳಿ

ಎಎನ್‌ಎಂ ಎರಡು ವರ್ಷ, ಹೆಣ್ಣು ಮಕ್ಕಳಿಗೆ ಮಾತ್ರ. ಉಪಕೇಂದ್ರದಲ್ಲಿದ್ದು ಮನೆಮನೆಗೆ ಹೋಗಿ ಬಸುರಿ ಬಾಣಂತಿಯರನ್ನು ನೋಡುವ ಕೆಲಸ. ಜಿಎನ್‌ಎಂ ಮೂರು ವರ್ಷದ ಡಿಪ್ಲೊಮಾ. ಕಲೆ, ವಾಣಿಜ್ಯ ಓದಿದವರೂ ಸೇರಬಹುದು, ಪಿಯುಸಿಯಲ್ಲಿ ಇಂಗ್ಲಿಷ್ ಇದ್ದು ಶೇ 40 ಅಂಕ ಬಂದಿರಬೇಕು. ಬಿ.ಎಸ್ಸಿ ನರ್ಸಿಂಗ್ ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಇದಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಸೇರಿ ಶೇ 45 (ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 40), ಇಂಗ್ಲಿಷ್‌ನಲ್ಲಿ ಪಾಸು, ಮತ್ತು ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು.

ಕಾಮರ್ಸ್ ಓದಿದೆ, ನರ್ಸ್ ಆಗುವ ಬಾಗಿಲು ಮುಚ್ಚಿತು ಎಂದು ಅಳುವ ಹುಡುಗಿಯರು ಈಗಲೂ ಬರುತ್ತಾರೆ. ಮುಚ್ಚಿಲ್ಲ ತಾಯಿ. ಜಿಎನ್‌ಎಂ ಮುಗಿಸಿ, ರಿಜಿಸ್ಟ್ರೇಷನ್ ಮಾಡಿಸಿ, ಮುಂದೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ ಓದಬಹುದು.

3. ಸಿಇಟಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ

ಬಿ.ಎಸ್ಸಿ ನರ್ಸಿಂಗ್‌ನ ಸರ್ಕಾರಿ ಕೋಟಾ ಸೀಟುಗಳನ್ನು ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸಿಇಟಿ ಮೂಲಕ ಹಂಚುತ್ತದೆ. ಪಿಯುಸಿ ಅಂಕಪಟ್ಟಿ ಹಿಡಿದುಕೊಂಡು ನೇರ ಕಾಲೇಜಿಗೆ ಹೋದರೆ ಸಾಕು ಎಂಬ ಕಾಲ ಮುಗಿಯಿತು. ಆದರೂ ಹಳ್ಳಿಗಳಲ್ಲಿ "ಸಿಇಟಿ ಅಂದ್ರೆ ಎಂಜಿನಿಯರಿಂಗ್‌ನೋರಿಗೆ" ಎಂದು ಅರ್ಜಿಯನ್ನೇ ಹಾಕದ ಮಕ್ಕಳು ಪ್ರತಿ ವರ್ಷ ಸಿಗುತ್ತಾರೆ. ಮೇ ತಿಂಗಳಲ್ಲಿ ಅವರಿಗೆ ಹೇಳಲು ನನ್ನ ಬಳಿ ಏನೂ ಇರುವುದಿಲ್ಲ. ಪಿಯುಸಿ ಪರೀಕ್ಷೆಗೆ ಮುಂಚೆಯೇ ಅರ್ಜಿ ಕರೆಯುತ್ತಾರೆ, ಆಗಲೇ ಹಾಕಬೇಕು.

ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬಾರದು. ಜೀವಶಾಸ್ತ್ರದಲ್ಲಿ ಮನುಷ್ಯ ದೇಹದ ಪಾಠಗಳನ್ನು ಅರ್ಥವಾಗುವ ತನಕ ಓದಿ. ಮೊದಲ ಸೆಮಿಸ್ಟರ್‌ನಲ್ಲಿ ಅನಾಟಮಿ, ಫಿಸಿಯಾಲಜಿ ಬಂದಾಗ ಅದೇ ಓದು ಕೈಹಿಡಿಯುತ್ತದೆ.

4. ರ‍್ಯಾಂಕ್ ತಂದವರೂ ಕಾಗದದಲ್ಲಿ ಸೋಲುತ್ತಾರೆ

ಇದನ್ನು ನಾನು ಸ್ವಲ್ಪ ಉದ್ದಕ್ಕೆ ಹೇಳಬೇಕು, ಏಕೆಂದರೆ ಇಲ್ಲಿ ಆಗುವ ನಷ್ಟ ಪೂರ್ತಿ ತಪ್ಪಿಸಬಹುದಾದದ್ದು.

ನಾಡಕಚೇರಿಯಲ್ಲಿ ಕೊಡುವ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲೆ ಆರ್‌ಡಿ ಸಂಖ್ಯೆ ಇರುತ್ತದೆ. ಸಿಇಟಿ ಅರ್ಜಿಯಲ್ಲಿ ಕೇಳುವುದು ಅದನ್ನೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಕೊನೆಯಲ್ಲಿ, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಜಾತಿ ಪತ್ರದಲ್ಲಿ ಮನೆಯಲ್ಲಿ ಕರೆಯುವ ಹೆಸರು ಹೀಗಿದ್ದರೆ ತೊಡಕು ಶುರು. ಪ್ರಥಮ ಪಿಯುಸಿಯಲ್ಲಿರುವಾಗಲೇ ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ತಾಳೆ ನೋಡಿ. ಎಸ್ಸೆಸ್ಸೆಲ್ಸಿ ಪಟ್ಟಿಯಲ್ಲಿ ಇರುವ ಹಾಗೆಯೇ ಉಳಿದೆರಡನ್ನೂ ಸರಿಪಡಿಸಿಕೊಳ್ಳಿ. ತಿದ್ದುಪಡಿಗೆ ಕಚೇರಿ ಸುತ್ತಲು ಆಗ ಸಮಯವಿರುತ್ತದೆ.

ಇನ್ನು ವ್ಯಾಸಂಗ ಪ್ರಮಾಣಪತ್ರ. ಸರ್ಕಾರಿ ಸೀಟಿಗೆ ಅರ್ಹತೆ ಸಿಗುವ ಸಾಮಾನ್ಯ ದಾರಿ ಎಂದರೆ ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರುವುದು. ಗ್ರಾಮೀಣ ಮೀಸಲಾತಿಗೆ ಒಂದರಿಂದ ಹತ್ತರವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಮನೆ ಹಳ್ಳಿಯಲ್ಲಿದೆ, ಹೊಲ ಇದೆ, ಅಪ್ಪ ರೈತ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನೋಡುವುದು ಶಾಲೆ ಎಲ್ಲಿತ್ತು ಎಂದು. ಏಳನೇ ತರಗತಿ ತನಕ ಊರಿನ ಶಾಲೆಯಲ್ಲಿದ್ದು, ಹೈಸ್ಕೂಲಿಗೆ ತಾಲ್ಲೂಕು ಪಟ್ಟಣಕ್ಕೆ ಬಸ್ಸಿನಲ್ಲಿ ಓಡಾಡಿದ ಹುಡುಗ ಆ ಕೋಟಾವನ್ನೇ ನಂಬಿ ಕೂತಿದ್ದನ್ನು ನೋಡಿದ್ದೇನೆ. ಅವನ ಅಪ್ಪನಿಗೆ ಇದನ್ನು ಬಿಡಿಸಿ ಹೇಳುವುದು ತುಂಬಾ ಕಷ್ಟವಾಯಿತು. ಕನ್ನಡ ಮಾಧ್ಯಮದ ಮೀಸಲಾತಿಗೂ ಹತ್ತೂ ವರ್ಷ ಕನ್ನಡದಲ್ಲೇ ಓದಿರಬೇಕು. ಈ ಪತ್ರಗಳಿಗೆ ಶಾಲೆಯ ಮುಖ್ಯೋಪಾಧ್ಯಾಯರ ಸಹಿಯ ಜೊತೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಬೇಕು. ಎರಡು ಶಾಲೆಗಳಲ್ಲಿ ಓದಿದ್ದರೆ ಎರಡೂ ಕಡೆಯಿಂದ ತರಬೇಕು. ಬೇಸಿಗೆ ರಜೆಯಲ್ಲಿ ಮೇಷ್ಟ್ರು ಊರಲ್ಲಿರುವುದಿಲ್ಲ, ಶಾಲೆ ನಡೆಯುವಾಗಲೇ ಮಾಡಿಸಿಕೊಳ್ಳಿ.

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳ ಮಕ್ಕಳಿಗೆ ಸಂವಿಧಾನದ 371ಜೆ ವಿಧಿಯ ಅಡಿ ಪ್ರತ್ಯೇಕ ಮೀಸಲಾತಿ ಇದೆ. ಅದರ ಅರ್ಹತಾ ಪತ್ರ ಕೊಡುವವರು ಉಪವಿಭಾಗಾಧಿಕಾರಿ. ಅಲ್ಲಿನ ಮಕ್ಕಳಿಗೆ ನಾನು ಮೊದಲು ಕೇಳುವುದೇ "ಆ ಪತ್ರ ಮಾಡಿಸಿದ್ದೀಯಾ ಮಗಾ?" ಎಂದು. ತಮ್ಮ ಹಕ್ಕಿನ ಸೀಟನ್ನು ಅರಿವಿಲ್ಲದೆ ಕೈಬಿಡುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

5. ಕಟ್ಟಡ ನೋಡಬೇಡಿ, ಮಂಚ ಎಣಿಸಿ

ಕಾಲೇಜು ನೋಡಲು ಹೋದವರಿಗೆ ಮೊದಲು ತೋರಿಸುವುದು ಎಸಿ ಇರುವ ಸ್ಕಿಲ್ ಲ್ಯಾಬು, ಅಲ್ಲಿ ಮಲಗಿಸಿದ ಬೊಂಬೆಗಳು. ಬೊಂಬೆ ಬೇಕು, ನಿಜ. ಆದರೆ ಮಕ್ಕಳು ನರ್ಸ್ ಆಗುವುದು ಉಸಿರಾಡುವ ಮನುಷ್ಯರ ಪಕ್ಕ. ಆದ್ದರಿಂದ ಅಪ್ಪ ಅಮ್ಮ ಕೇಳಬೇಕಾದ ಮೊದಲ ಪ್ರಶ್ನೆ: ನಿಮ್ಮ ಸ್ವಂತ ಆಸ್ಪತ್ರೆ ಯಾವುದು, ಎಷ್ಟು ಹಾಸಿಗೆ, ಅದರಲ್ಲಿ ಎಷ್ಟು ತುಂಬಿರುತ್ತವೆ? ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ನಿಯಮದಲ್ಲಿ ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳ ಲೆಕ್ಕವಿದೆ, ಹಾಸಿಗೆಗಳು ಕನಿಷ್ಠ ಶೇ 75 ತುಂಬಿರಬೇಕು ಎಂದಿದೆ. ಬೋರ್ಡಿನ ಮೇಲೆ ಬರೆದ ಸಂಖ್ಯೆಯನ್ನು ನಂಬಬೇಡಿ. ಬೆಳಿಗ್ಗೆ ಹತ್ತು ಗಂಟೆಗೆ ಒಪಿಡಿ ಮುಂದೆ ಒಂದು ಅರ್ಧ ಗಂಟೆ ಕೂತರೆ ಸಾಕು. ಚೀಟಿ ಮಾಡಿಸುವ ಸಾಲು ಎಷ್ಟುದ್ದ ಇದೆ, ಮಾತ್ರೆ ಕೊಡುವ ಕಿಟಕಿಯ ಹತ್ತಿರ ಎಷ್ಟು ಜನ ಇದ್ದಾರೆ ಎಂಬುದರಲ್ಲೇ ಆಸ್ಪತ್ರೆ ಜೀವಂತವಾಗಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಎರಡನೇ ಪ್ರಶ್ನೆ ಹೆರಿಗೆಯದು. "ನಿಮ್ಮ ಮಕ್ಕಳು ಹೆರಿಗೆ ಪೋಸ್ಟಿಂಗ್‌ಗೆ ಎಲ್ಲಿಗೆ ಹೋಗುತ್ತಾರೆ? ಅಲ್ಲಿ ತಿಂಗಳಿಗೆ ಎಷ್ಟು ಹೆರಿಗೆ ಆಗುತ್ತವೆ? ಅದೇ ಆಸ್ಪತ್ರೆಗೆ ಇನ್ನೆಷ್ಟು ಕಾಲೇಜಿನವರು ಬರುತ್ತಾರೆ?" ಈ ಮೂರನೆಯದನ್ನು ಬಿಡಬೇಡಿ. ಒಂದು ಲೇಬರ್ ಟೇಬಲ್ ಸುತ್ತ ನಾಲ್ಕು ಬಣ್ಣದ ಯೂನಿಫಾರಂ ನಿಂತಿದ್ದರೆ ಮಗುವಿನ ತಲೆ ಹಿಡಿಯುವ ಅವಕಾಶ ಒಬ್ಬರಿಗೆ, ಉಳಿದವರಿಗೆ ಹಿಂದಿನಿಂದ ಇಣುಕುವುದು. ಲಾಗ್ ಬುಕ್ ಎಲ್ಲರದ್ದೂ ತುಂಬುತ್ತದೆ, ಕೈ ಮಾತ್ರ ಕಲಿತಿರುವುದಿಲ್ಲ. ಅಂಥವರು ಕೆಲಸಕ್ಕೆ ಸೇರಿದ ಮೊದಲ ವಾರ ರಕ್ತಸ್ರಾವದ ತಾಯಿಯೊಬ್ಬಳು ಮುಂದೆ ಬಂದರೆ ಏನು ಮಾಡಬೇಕು? ನನಗೆ ಭಯವಾಗುವುದು ಅಲ್ಲಿ.

ಮೂರನೆಯದಾಗಿ, ಎರಡನೇ ಮೂರನೇ ವರ್ಷದ ವಿದ್ಯಾರ್ಥಿಯೊಬ್ಬರನ್ನು ಕ್ಯಾಂಟೀನಿನಲ್ಲಿ ಹಿಡಿದು ಮಾತಾಡಿಸಿ. ಟೀಚರ್‌ಗಳು ವಾರ್ಡಿಗೆ ಜೊತೆಯಲ್ಲಿ ಬರುತ್ತಾರೆಯೇ, ನಿಮ್ಮನ್ನು ಕಲಿಯಲು ಬಿಡುತ್ತಾರೆಯೇ ಅಥವಾ ಸಿಬ್ಬಂದಿ ಕೊರತೆ ತುಂಬಲು ಬಳಸುತ್ತಾರೆಯೇ ಎಂದು ಕೇಳಿ. ಉತ್ತರಕ್ಕೆ ಮುಂಚೆ ಆ ಮಗು ಅತ್ತಿತ್ತ ನೋಡಿದರೆ ಅದೂ ಒಂದು ಉತ್ತರವೇ.

ಸರ್ಕಾರಿ ಕಾಲೇಜುಗಳ ಕಟ್ಟಡ ಹಳೆಯದಿರಬಹುದು, ಹಾಸ್ಟೆಲ್‌ನಲ್ಲಿ ನೀರಿನ ತಾಪತ್ರಯ ಇರಬಹುದು. ರೋಗಿಗಳಿಗೆ ಮಾತ್ರ ಅಲ್ಲಿ ಬರವಿಲ್ಲ. ಬೆಂಗಳೂರು ಕೋಟೆಯ ಸರ್ಕಾರಿ ನರ್ಸಿಂಗ್ ಕಾಲೇಜಿನಂಥ ಕಡೆ ಸೀಟು ಸಿಕ್ಕರೆ ನಾನು ಎರಡನೇ ಮಾತು ಆಡುವುದಿಲ್ಲ. ನಿಮ್ಹಾನ್ಸ್‌ನಲ್ಲೂ ಬಿ.ಎಸ್ಸಿ ನರ್ಸಿಂಗ್ ಇದೆ, ಅದರ ಪ್ರಕಟಣೆಯನ್ನು ಬೇರೆಯಾಗಿ ಗಮನಿಸುತ್ತಿರಿ. ಸೇನೆಯ ನರ್ಸಿಂಗ್ ಕಾಲೇಜುಗಳಿಗೆ ಹೋಗುವ ಆಸೆಯ ಹುಡುಗಿಯರು ನೀಟ್ ಬರೆದಿರಬೇಕು.

ಖಾಸಗಿ ಕಾಲೇಜಾದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಮತ್ತು ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ಮಾನ್ಯತೆ, ಎರಡೂ ಈ ಸಾಲಿಗೆ ಇವೆಯೇ ಎಂದು ಅವರವರ ಪಟ್ಟಿಯಲ್ಲೇ ನೋಡಿ. ಗೋಡೆಗೆ ಚೌಕಟ್ಟು ಹಾಕಿ ತೂಗುಹಾಕಿದ ಪತ್ರ ಯಾವ ವರ್ಷದ್ದೆಂದು ಓದಿ.

6. ಆಪ್ಷನ್ ಎಂಟ್ರಿಯಲ್ಲಿ ಕೈ ನಿಮ್ಮದಿರಲಿ

ಸಿಇಟಿ ಸೀಟು ಹಂಚಿಕೆಗೆ ನಿಮಗೆ ಬೇಕಾದ ಕಾಲೇಜುಗಳ ಪಟ್ಟಿ ಕೊಡುವಾಗ ಇಷ್ಟದ ಕಾಲೇಜು ಮೊದಲು, ಆಮೇಲೆ ಎರಡನೆಯದು, ಹೀಗೆ ಮನಸ್ಸಿನಲ್ಲಿರುವ ಕ್ರಮದಲ್ಲೇ ತುಂಬಿ. "ನನ್ನ ರ‍್ಯಾಂಕ್‌ಗೆ ಅದು ಬರಲ್ಲ" ಎಂದು ಒಳ್ಳೆಯದನ್ನು ಕೆಳಗೆ ಹಾಕಬೇಡಿ, ಮೇಲೆ ಹಾಕಿದ್ದರಿಂದ ಕೆಳಗಿನದು ತಪ್ಪಿಹೋಗುವುದಿಲ್ಲ. ಅಣಕು ಹಂಚಿಕೆ ಬಂದಾಗ ನೋಡಿ, ಕ್ರಮ ಬದಲಾಯಿಸಲು ಅವಕಾಶವಿರುತ್ತದೆ. ನಿಜವಾದ ಹಂಚಿಕೆಯ ನಂತರ ಬರುವ ಚಾಯ್ಸ್‌ಗಳನ್ನು ಸರಿಯಾಗಿ ತಿಳಿದುಕೊಳ್ಳಿ: ಒಂದು ಎಂದರೆ ಈ ಸೀಟಿಗೆ ಸೇರುತ್ತೇನೆ, ಎರಡು ಎಂದರೆ ಇದು ಇರಲಿ, ಮೇಲಿನದು ಸಿಕ್ಕರೆ ಹೋಗುತ್ತೇನೆ, ಮೂರು ಎಂದರೆ ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ, ನಾಲ್ಕು ಎಂದರೆ ನನಗೆ ಸಿಇಟಿ ಸೀಟೇ ಬೇಡ. ಸೈಬರ್ ಸೆಂಟರ್‌ನವರು ಅವಸರದಲ್ಲಿ ಯಾವುದೋ ಒತ್ತಿಬಿಟ್ಟರೆ ಅನುಭವಿಸುವುದು ನೀವು. ಪಾಸ್‌ವರ್ಡ್, ಓಟಿಪಿ ಎರಡೂ ನಿಮ್ಮ ಕೈಯಲ್ಲೇ ಇರಲಿ.

7. "ಕಾಲೇಜಿಗೆ ಬರೋದೇ ಬೇಡ" ಎನ್ನುವವರಿಂದ ದೂರವಿರಿ

ಫಲಿತಾಂಶ ಬಂದ ವಾರವೇ ಏಜೆಂಟರ ಫೋನು ಶುರುವಾಗುತ್ತದೆ. ನಂಬರ್ ಅವರಿಗೆ ಹೇಗೆ ಸಿಗುತ್ತದೋ, ಸಿಗುತ್ತದೆ. "ಅಟೆಂಡೆನ್ಸ್ ನಾವು ನೋಡ್ಕೋತೀವಿ, ಪರೀಕ್ಷೆಗೆ ಬಂದ್ರೆ ಸಾಕು" ಎನ್ನುತ್ತಾರೆ. ಮನೆಯಲ್ಲಿ ಕಷ್ಟವಿದ್ದು, ಮಗಳು ಅಂಗಡಿಯಲ್ಲಿ ದುಡಿಯುತ್ತಾ ಡಿಗ್ರಿ ಮಾಡಲಿ ಎಂದುಕೊಂಡವರಿಗೆ ಇದು ವರದಂತೆ ಕೇಳಿಸುತ್ತದೆ. ದಯವಿಟ್ಟು ಒಪ್ಪಬೇಡಿ. ವಾರ್ಡನ್ನೇ ನೋಡದೆ ಸಿಕ್ಕ ಪ್ರಮಾಣಪತ್ರ ಒಂದು ದಿನ ಯಾರದೋ ಮಗುವಿನ ರಕ್ತನಾಳದ ಮುಂದೆ ನಿಲ್ಲಬೇಕಾಗುತ್ತದೆ. ಆ ಮಗು ನಿಮ್ಮ ಮನೆಯದೇ ಆಗಿರಬಹುದು.

ಏಜೆಂಟರ ಕೈಗೆ ಮೂಲ ಅಂಕಪಟ್ಟಿ ಕೊಡಲೇಬೇಡಿ. ಕಾಲೇಜಿಗೆ ಕೊಡುವ ಪ್ರತಿ ಕಾಗದಕ್ಕೂ ಪಟ್ಟಿ ಬರೆದು ಸಹಿ, ಸೀಲು ಹಾಕಿಸಿಕೊಳ್ಳಿ. ರಸೀದಿಯಿಲ್ಲದೆ ಒಂದು ರೂಪಾಯಿಯೂ ಬೇಡ. ಓದು ಮುಗಿದ ಮೇಲೆ ಇಷ್ಟು ವರ್ಷ ನಮ್ಮ ಆಸ್ಪತ್ರೆಯಲ್ಲೇ ದುಡಿಯಬೇಕು ಎಂಬ ಬಾಂಡ್ ಇದೆಯೇ ಎಂದು ಸಹಿ ಮಾಡುವ ಮೊದಲು ಕೇಳಿ, ಓದಿಸಿಕೊಳ್ಳಿ.

8. ಗುಣಿಸು, ಭಾಗಿಸು ಕಲಿತುಕೊಂಡು ಬನ್ನಿ

ಗಣಿತ ತಪ್ಪಿಸಿಕೊಳ್ಳಲೆಂದೇ ನರ್ಸಿಂಗ್‌ಗೆ ಬಂದೆ ಎನ್ನುವ ಮಕ್ಕಳಿಗೆ ಮೊದಲ ವರ್ಷವೇ ನಾನು ಎರಡು ಲೆಕ್ಕ ಕೊಡುತ್ತೇನೆ. ಹತ್ತು ಕೆ.ಜಿ. ತೂಕದ ಜ್ವರದ ಮಗು. ಕೆ.ಜಿ.ಗೆ 15 ಮಿಲಿಗ್ರಾಂನಂತೆ ಪ್ಯಾರಾಸಿಟಮಾಲ್ ಕೊಡಿ ಎಂದು ಡಾಕ್ಟರ್ ಬರೆದಿದ್ದಾರೆ. ಅಂದರೆ 150 ಮಿಲಿಗ್ರಾಂ. ಟ್ರೇಯಲ್ಲಿ ಎರಡು ಬಾಟಲಿ ಇವೆ: ಒಂದರಲ್ಲಿ 5 ಎಂ.ಎಲ್.ಗೆ 125 ಮಿಲಿಗ್ರಾಂ, ಇನ್ನೊಂದರಲ್ಲಿ 5 ಎಂ.ಎಲ್.ಗೆ 250. ಮೊದಲನೆಯದಾದರೆ 6 ಎಂ.ಎಲ್., ಎರಡನೆಯದಾದರೆ 3. ಲೇಬಲ್ ಓದದೆ ನೆನ್ನೆಯ ಹಾಗೆಯೇ 6 ಎಂ.ಎಲ್. ಎಳೆದರೆ ಮಗುವಿಗೆ ಹೋಗುವುದು ದುಪ್ಪಟ್ಟು.

ಎರಡನೆಯದು ಡ್ರಿಪ್. 500 ಎಂ.ಎಲ್. ನಾಲ್ಕು ಗಂಟೆಯಲ್ಲಿ ಹೋಗಬೇಕು. ಐವಿ ಸೆಟ್‌ನ ಕವರಿನ ಮೇಲೆ ಒಂದು ಎಂ.ಎಲ್.ಗೆ 20 ಹನಿ ಎಂದು ಬರೆದಿದೆ. ಒಟ್ಟು ಹತ್ತು ಸಾವಿರ ಹನಿ, 240 ನಿಮಿಷ, ನಿಮಿಷಕ್ಕೆ ಸುಮಾರು 42. ಗಡಿಯಾರದ ಸೆಕೆಂಡ್ ಮುಳ್ಳು ನೋಡುತ್ತಾ ಹನಿ ಎಣಿಸಿ ಚಕ್ರ ತಿರುಗಿಸಬೇಕು. 15 ಹನಿಯ ಸೆಟ್ ಆದರೆ ನಿಮಿಷಕ್ಕೆ 31. ಇದಿಷ್ಟೂ ಏಳನೇ ತರಗತಿಯ ಲೆಕ್ಕ. ಪಿಯುಸಿ ಮುಗಿದು ಕಾಲೇಜು ಶುರುವಾಗುವ ತನಕ ಸಿಗುವ ಬಿಡುವಿನಲ್ಲಿ ದಿನಕ್ಕೆ ಹತ್ತು ಲೆಕ್ಕ, ಮೊಬೈಲಿನ ಕ್ಯಾಲ್ಕುಲೇಟರ್ ಮುಟ್ಟದೆ ಮಾಡಿ.

9. ಇಂಗ್ಲಿಷ್‌ಗೆ ಹೆದರಬೇಡಿ, ಕನ್ನಡವನ್ನು ಬಿಡಬೇಡಿ

ಪುಸ್ತಕ, ಪರೀಕ್ಷೆ, ಕೇಸ್ ಶೀಟ್, ಹ್ಯಾಂಡೋವರ್ ಎಲ್ಲ ಇಂಗ್ಲಿಷ್. ಕನ್ನಡ ಮಾಧ್ಯಮದ ಮಕ್ಕಳು ಮೊದಲ ಆರು ತಿಂಗಳು ಒದ್ದಾಡುತ್ತಾರೆ, ಆಮೇಲೆ ದಾರಿಗೆ ಬರುತ್ತಾರೆ. ಅವರಿಗೆ ನಾನು ಹೇಳುವುದು: ಪಿಯುಸಿ ಜೀವಶಾಸ್ತ್ರ ಪುಸ್ತಕವನ್ನು ದಿನಕ್ಕೊಂದು ಪುಟ ಜೋರಾಗಿ ಓದಿ, ಓದಿದ್ದನ್ನು ನಿಮ್ಮದೇ ನಾಲ್ಕು ಇಂಗ್ಲಿಷ್ ವಾಕ್ಯದಲ್ಲಿ ಬರೆಯಿರಿ. ತಪ್ಪಿರಲಿ ಪರವಾಗಿಲ್ಲ.

ಆದರೆ ರೋಗಿ ಮಾತಾಡುವುದು ನಿಮ್ಮ ಭಾಷೆಯಲ್ಲಿ. ಹರ್ನಿಯಾ ಆಪರೇಷನ್ ಆದ ಅಜ್ಜ ಒಬ್ಬರು ರೌಂಡ್ಸ್‌ನಲ್ಲಿ ಎಲ್ಲ ಪ್ರಶ್ನೆಗೂ "ಏನಿಲ್ಲ ಬಿಡ್ರಿ" ಎಂದೇ ಹೇಳುತ್ತಿದ್ದರು. ಎರಡನೇ ವರ್ಷದ ನನ್ನ ವಿದ್ಯಾರ್ಥಿನಿ, ಗದಗ ಕಡೆಯವಳು, ಮಂಚದ ಪಕ್ಕ ಕೂತು ಅವರ ಊರು, ಎತ್ತು, ಮಳೆ ವಿಚಾರಿಸಿದಳು. ಆಮೇಲೆ ಮೆಲ್ಲಗೆ "ಯಜ್ಜ, ಉಚ್ಚಿ ಹೋದ್ರೇನು?" ಎಂದಳು. ಅಷ್ಟು ಜನ ಹೆಣ್ಣು ಮಕ್ಕಳ ಮುಂದೆ ಹೇಳಲು ಸಂಕೋಚಪಟ್ಟು ಅಜ್ಜ ಬೆಳಗಿನಿಂದ ತಡೆದುಕೊಂಡಿದ್ದರು. ಹೊಟ್ಟೆಯ ಕೆಳಭಾಗ ಮುಟ್ಟಿ ನೋಡಿದರೆ ಮೂತ್ರಕೋಶ ಊದಿಕೊಂಡಿತ್ತು. ಕ್ಯಾಥೆಟರ್ ಹಾಕಿದ ಮೇಲೆ ಅವರ ಹುಬ್ಬು ಸಡಿಲವಾಯಿತು. ಇಂಗ್ಲಿಷ್ ಬಾರದೆಂದು ಮೊದಲ ಸೆಮಿಸ್ಟರ್‌ನಲ್ಲಿ ಮನೆಗೆ ಹೋಗಲು ಪೆಟ್ಟಿಗೆ ಕಟ್ಟಿದ್ದ ಹುಡುಗಿ ಅವಳೇ.

10. ಫೀಸು ಎಂದರೆ ಫೀಸಷ್ಟೇ ಅಲ್ಲ

ಯೂನಿಫಾರಂ, ಶೂ, ಹಾಸ್ಟೆಲ್, ಪೋಸ್ಟಿಂಗ್‌ಗೆ ಹೋಗುವ ಬಸ್ಸು, ವಿಶ್ವವಿದ್ಯಾಲಯದ ಪರೀಕ್ಷಾ ಶುಲ್ಕ, ಸಮುದಾಯ ಆರೋಗ್ಯದ ಕ್ಯಾಂಪು, ಇವೆಲ್ಲ ಸೇರಿಸಿ ನಾಲ್ಕು ವರ್ಷದ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆದು ಕೊಡಿ ಎಂದು ಕಾಲೇಜಿನವರನ್ನು ಕೇಳಿ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಪ್ರತಿ ವರ್ಷ ಅರ್ಜಿ ಹಾಕಬೇಕು, ಒಮ್ಮೆ ಹಾಕಿದರೆ ಮುಗಿಯಿತು ಎಂದುಕೊಳ್ಳಬೇಡಿ. ಬ್ಯಾಂಕ್ ಸಾಲಕ್ಕೆ ವಿದ್ಯಾಲಕ್ಷ್ಮಿ ಪೋರ್ಟಲ್ ಇದೆ. ಕೈಸಾಲ ಮಾಡಿ, ಮಗಳು ವಿದೇಶಕ್ಕೆ ಹೋಗಿ ತೀರಿಸುತ್ತಾಳೆ ಎಂದು ನಂಬಿ ಕೂರುವುದು ಅವಳ ತಲೆಯ ಮೇಲೆ ಭಾರ ಹೇರಿದಂತೆ. ಜರ್ಮನಿಗೆ ಜರ್ಮನ್ ಭಾಷೆ, ಅಮೆರಿಕಕ್ಕೆ ಎನ್‌ಕ್ಲೆಕ್ಸ್, ಬ್ರಿಟನ್ನಿಗೆ ಇಂಗ್ಲಿಷ್ ಪರೀಕ್ಷೆ ಮತ್ತು ಅಲ್ಲಿನ ನರ್ಸಿಂಗ್ ಪರೀಕ್ಷೆ. ಎಲ್ಲಕ್ಕೂ ವರ್ಷಗಳು ಹಿಡಿಯುತ್ತವೆ.

11. ದೇಹವನ್ನೂ ಸಿದ್ಧ ಮಾಡಿ

ಆಪರೇಷನ್ ಥಿಯೇಟರಿನಲ್ಲಿ ಮೊದಲ ದಿನ ತಲೆ ಸುತ್ತಿ ಬೀಳುವ ಮಕ್ಕಳನ್ನು ರಕ್ತಕ್ಕೆ ಹೆದರಿದರು ಎಂದು ಎಲ್ಲರೂ ಗೇಲಿ ಮಾಡುತ್ತಾರೆ. ಅವರನ್ನು ಹೊರಗೆ ತಂದು ಮಲಗಿಸಿ ವಿಚಾರಿಸಿದಾಗ ಬಹಳ ಸಲ ಗೊತ್ತಾಗುವುದು ಬೆಳಿಗ್ಗೆ ತಿಂಡಿ ತಿಂದಿಲ್ಲ, ಹಿಮೋಗ್ಲೋಬಿನ್ ಒಂಬತ್ತರ ಆಸುಪಾಸು ಎಂದು. ಹೆಣ್ಣು ಮಕ್ಕಳಿಗೆ 12 ಇರಬೇಕು. ಅಡ್ಮಿಷನ್‌ಗೆ ಮುಂಚೆಯೇ ಹತ್ತಿರದ ಪಿಎಚ್‌ಸಿಯಲ್ಲಿ ರಕ್ತ ಪರೀಕ್ಷೆ ಮಾಡಿಸಿ, ಕಡಿಮೆ ಇದ್ದರೆ ಡಾಕ್ಟರ್ ಹೇಳಿದಷ್ಟು ದಿನ ಕಬ್ಬಿಣದ ಮಾತ್ರೆ ನುಂಗಿ.

ಹೆಪಟೈಟಿಸ್ ಬಿ ಲಸಿಕೆಯನ್ನೂ ಆಗಲೇ ಶುರುಮಾಡಿ. ಮೊದಲ ಡೋಸ್, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಸಿಇಟಿ ಬರೆದ ವಾರ ಮೊದಲನೆಯದು ಹಾಕಿಸಿಕೊಂಡರೆ, ಕೈಯಲ್ಲಿ ಸೂಜಿ ಹಿಡಿಯುವ ಹೊತ್ತಿಗೆ ಎರಡಾದರೂ ಆಗಿರುತ್ತವೆ. ಚಿಕ್ಕಂದಿನಲ್ಲಿ ಹಾಕಿಸಿದ್ದರೆ ತಾಯಿ ಕಾರ್ಡ್ ಹುಡುಕಿ ತನ್ನಿ. ಕಾಲೇಜಿನಲ್ಲಿ ಮೆಡಿಕಲ್ ಫಿಟ್ನೆಸ್ ಮಾಡುವಾಗ ಅದನ್ನು ತೋರಿಸಿ, ಇನ್ನೊಂದು ಡೋಸ್ ಬೇಕೇ ಎಂದು ನೀವೇ ಬಾಯಿಬಿಟ್ಟು ಕೇಳಿ.